ಬಿಳಿಗಿರಿರಂಗನ ಬಂಧುಬಳಗ

ಬಿಳಿಗಿರಿರಂಗನ ಬೆಟ್ಟದ ಸೀಮೆಯಲ್ಲಿ ಬೂದಿತಿಟ್ಟು ಎಂಬುದೊಂದು ಗ್ರಾಮ. ಅಲ್ಲಿ ತಲೆತಲಾಂತರದಿಂದ ಚರ್ಮದ ಕೆಲಸವನ್ನು ಕುಲವೃತ್ತಿಯಾಗಿ ನಡೆಸಿಕೊಂಡು ಬಂದ ಭಕ್ತರು ಎರಡು ವರ್ಷಗಳಿಗೊಮ್ಮೆ ಒಂದು ಜೊತೆ ಚಮ್ಮಾವುಗೆಗಳನ್ನು ಹೊಲಿದು ಬೆಟ್ಟಕ್ಕೆ ಒಪ್ಪಿಸುವ ಸಂಪ್ರದಾಯವುಂಟು. ಒಂದು ಅಡಿ ಒಂಬತ್ತು ಅಂಗುಲ ಉದ್ದದ ಆ ಪಾದರಕ್ಷೆಗಳು ಮನುಷ್ಯಮಾತ್ರರ ಕಾಲಿಗೆ ಹೊಂದತಕ್ಕವಲ್ಲ. ಅವು ಶಿಖರದ ಮೇಲಣ ರಂಗನಾಥಸ್ವಾಮಿಯವು. ಸ್ವಾಮಿಯು ಅವನ್ನು ಮೆಟ್ಟಿಕೊಂಡು ಕಾಡಿನಲ್ಲಿ ಸಂಚರಿಸುತ್ತಾನೆಂದೂ, ಕಲ್ಲುಮುಳ್ಳುಗಳ ಹಾದಿಯಲ್ಲಿ ಅವು ಸವೆದುಹೋಗುವುದರಿಂದಲೇ ಹೊಸ ಜೊತೆ ಬೇಕಾಗುತ್ತದೆಂದೂ ಭಕ್ತರ ನಂಬಿಕೆ. ಬೆಟ್ಟಕ್ಕೆ ಬಂದವರು ಹಣ್ಣುಕಾಯಿ ಮಾಡಿಸಿ, ಮಂಗಳಾರತಿಯನ್ನು ಕಣ್ಣಿಗೊತ್ತಿಕೊಂಡು, ತೀರ್ಥಪ್ರಸಾದಗಳನ್ನು ಸ್ವೀಕರಿಸಿದ ಮೇಲೂ, ಆ ಪಾದರಕ್ಷೆಯನ್ನು ತಲೆಯ ಮೇಲೆ ತಟ್ಟಿಸಿಕೊಳ್ಳುವವರೆಗೆ ತಮ್ಮ ಯಾತ್ರೆ ಪೂರ್ಣವಾಯಿತೆಂದು ಭಾವಿಸುವುದಿಲ್ಲ. ಲೋಕವ್ಯವಹಾರದಲ್ಲಿ ಯಾವುದು ಪರಮಾವಮಾನವೋ ಅದೇ ಇಲ್ಲಿ ಅನುಗ್ರಹವಾಗುತ್ತದೆ.

ಈ ಆಚಾರವನ್ನು ಒಂದು ಕೌತುಕವೆಂದು ಕಂಡು, ಭಾವಚಿತ್ರ ತೆಗೆದುಕೊಂಡು, ಮುಂದಕ್ಕೆ ಸಾಗಿಬಿಡುವುದು ಸುಲಭ. ಇಂದಿನ ಪ್ರವಾಸಿಗರಲ್ಲಿ ಬಹುಪಾಲು ಜನ ಮಾಡುವುದೂ ಅದನ್ನೇ. ಆದರೆ ದೇವರಿಗೆ ಕೆರ ಬೇಕಾಗುವುದೆಂದರೆ ಆ ದೇವರು ನಡೆಯುವವನು ಎಂದಾಯಿತಷ್ಟೆ. ಶ್ರೀರಂಗಪಟ್ಟಣದಲ್ಲಿಯೂ ಶ್ರೀರಂಗದಲ್ಲಿಯೂ ಆದಿಶೇಷನ ಮೇಲೆ ಯೋಗನಿದ್ರೆಯಲ್ಲಿ ಪವಡಿಸಿರುವ ರಂಗನಾಥನು ಇಲ್ಲಿ ಮಾತ್ರ ಎದ್ದು ನಿಂತಿದ್ದಾನೆ. ನಿಂತವನು ಹೊರಟಾನು, ಹೊರಟವನಿಗೆ ಹಾದಿಯಲ್ಲಿ ನೆಂಟರಿಷ್ಟರು ಎದುರಾದಾರು. ಈ ದೇವಸ್ಥಾನದ ಸಂಪ್ರದಾಯವೆಲ್ಲವೂ ಆ ನೆಂಟಸ್ತನವನ್ನು ಆಶ್ರಯಿಸಿ ನಿಂತಿರುವುದರಿಂದ, ಬೆಟ್ಟವನ್ನು ಉಳಿಸಬೇಕು, ಪರಂಪರೆಯನ್ನು ಕಾಯಬೇಕು ಎಂದು ನಾವು ನಾಡಿನ ಉದ್ದಗಲಕ್ಕೂ ಮಾತನಾಡುತ್ತಿರುವ ಈ ಕಾಲದಲ್ಲಿ, ಪರಂಪರೆಯೆಂಬುದು ಗೋಪುರ, ಪ್ರಾಕಾರ, ಉತ್ಸವಮೂರ್ತಿಗಳಲ್ಲಿಯೇ ಮುಗಿದುಹೋಗುವುದೋ, ಅಥವಾ ದೇವರ ಬಂಧುಗಳೆಂದು ಹಾಡುಗಳು ಯಾರನ್ನು ಹೇಳುತ್ತವೆಯೋ ಅವರ ಬಾಳಿಗೂ ವ್ಯಾಪಿಸುವುದೋ ಎಂಬುದನ್ನು ವಿಚಾರಮಾಡುವುದು ಅಪ್ರಸ್ತುತವಾಗಲಾರದು.

ಕ್ಷೇತ್ರದ ಪರಿಚಯವನ್ನು ಸ್ವಲ್ಪದರಲ್ಲಿ ಮುಗಿಸಬಹುದು. ಯಳಂದೂರಿನಿಂದ ಕಾಣುವ ಉದ್ದನೆಯ ಬೆಟ್ಟಸಾಲಿನಲ್ಲಿ, ಸಮುದ್ರಮಟ್ಟಕ್ಕೆ ಸುಮಾರು 5,000 ಅಡಿ ಎತ್ತರದಲ್ಲಿ, ಕಡಿದಾಗಿ ಇಳಿದ ಬಿಳಿಯ ಬಂಡೆಯೊಂದರ ಅಂಚಿನಲ್ಲಿ ದೇವಾಲಯವಿದೆ. ಆ ಬಂಡೆಯಿಂದಲೇ ಗಿರಿಗೆ ಶ್ವೇತಾದ್ರಿಯೆಂಬ ಸಂಸ್ಕೃತನಾಮವೂ ಬಂದಿತು. ಪೂರ್ವಘಟ್ಟಗಳೂ ಪಶ್ಚಿಮಘಟ್ಟಗಳೂ ಒಂದನ್ನೊಂದು ಸಂಧಿಸುವ ಸೀಮೆಯಿದು. ಆದುದರಿಂದ ಕುರುಚಲು ಕಾಡಿನಿಂದ ಹಿಡಿದು ಶೋಲಾ ಕಾಡಿನವರೆಗೆ, ನಡುವೆ ಹುಲ್ಲುಗಾವಲು ಸಹಿತವಾಗಿ, ಅರಣ್ಯದ ನಾನಾ ರೂಪಗಳನ್ನು ಒಂದೇ ದಿನದ ಪಯಣದಲ್ಲಿ ಕಾಣಬಹುದು. ಮೂರ್ತಿಯನ್ನು ವಸಿಷ್ಠರು ಪ್ರತಿಷ್ಠಾಪಿಸಿದರೆಂದು ಸ್ಥಳಪುರಾಣ. ಚರಿತ್ರೆಯ ಕಡೆಗೆ ತಿರುಗಿದರೆ, ಹದಿನಾಡಿನ ಮುದ್ದರಾಜನು ದೇವರಿಗೆ ಬಿಟ್ಟ ದತ್ತಿಯನ್ನು ಹೇಳುವ 1667ರ ಶಾಸನವುಂಟು. ಅದೇ ಹದಿನಾಡು ಇಂದಿನ ಯಳಂದೂರು, ಷಡಕ್ಷರದೇವನಂಥ ಪ್ರೌಢಕವಿಯನ್ನೂ, ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿಯ ಹೊನ್ನಮ್ಮನನ್ನೂ ಕನ್ನಡಕ್ಕೆ ಕೊಟ್ಟ ನೆಲ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಊರು. ಬೇಲೂರು ಸೋಮನಾಥಪುರಗಳ ಶಿಲ್ಪವೈಭವವನ್ನು ನೆನೆದುಕೊಂಡು ಬೆಟ್ಟ ಹತ್ತಿದವನಿಗೆ ಇಲ್ಲಿ ನಿರಾಶೆಯೇ ಗತಿ, ಕಟ್ಟಡ ಸರಳವಾದುದು. ಇದರ ಸಂಪತ್ತು ಕಲ್ಲಿನಲ್ಲಿಲ್ಲ, ಕಥೆಯಲ್ಲಿದೆ.

ಆ ಕಥೆಯಾದರೂ ಹೀಗೆ. ಬೆಟ್ಟದ ಕಾಡುಗಳಲ್ಲಿ ಅನಾದಿಯಿಂದ ನೆಲೆಸಿದ ಸೋಲಿಗರ ಮನೆಯಲ್ಲಿ ಕುಸುಮಾಲೆಯೆಂಬ ಹೆಣ್ಣುಮಗಳಿದ್ದಳು. ಕಾಡಿನಲ್ಲಿ ಗೆಡ್ಡೆ ಅಗೆಯಲು ಬಂದ ಅವಳನ್ನು ಕಂಡು ಮರುಳಾದ ರಂಗಸ್ವಾಮಿ, ಮುದುಕನ ವೇಷವನ್ನು ಧರಿಸಿ, ನಾನಾ ಉಪಾಯಗಳಿಂದ ಅವಳ ಮನವನ್ನೊಲಿಸಿ, ತಂದೆತಾಯಿಗಳ ಕಣ್ಣುತಪ್ಪಿಸಿ ಬೆಟ್ಟಕ್ಕೆ ಕರೆದೊಯ್ದನು. ಹಾಡುವವರ ಬಾಯಲ್ಲಿ ಪಾಠಭೇದಗಳು ಉಂಟು. ಒಬ್ಬನ ಹಾಡಿನಲ್ಲಿ ಕುಸುಮಾಲೆ ಮುಗ್ಧೆ, ಇನ್ನೊಬ್ಬನ ಹಾಡಿನಲ್ಲಿ ಅವಳೇ ಜಾಣೆ. ಆದರೆ ಕಥೆಯ ಫಲದಲ್ಲಿ ಮಾತ್ರ ಭೇದವಿಲ್ಲ: ಅಂದಿನಿಂದ ರಂಗಪ್ಪನು ಸೋಲಿಗರಿಗೆಲ್ಲ ಬಾವ. ದೊಡ್ಡಜಾತ್ರೆಯಲ್ಲಾಗಲಿ, ಸಂಕ್ರಾಂತಿಯ ಮರುದಿನದ ಚಿಕ್ಕಜಾತ್ರೆಯಲ್ಲಾಗಲಿ, ಬಯಲುಸೀಮೆಯ ಭಕ್ತನು ಗೋವಿಂದನನ್ನು ಕೂಗಿ ಸಾಷ್ಟಾಂಗವೆರಗುವ ಸ್ಥಳದಲ್ಲಿಯೇ ಸೋಲಿಗನು ತನ್ನ ಮನೆಯ ಹೆಣ್ಣನ್ನು ಕೊಂಡುಹೋದ ಬಾವನನ್ನು ಕಾಣಲು ಬಂದಿರುತ್ತಾನೆ. ಇಬ್ಬರೂ ಕೈಮುಗಿಯುವುದು ಒಂದೇ ಮೂರ್ತಿಗಾದರೂ ಅದರೊಡನೆ ಅವರಿಗಿರುವ ಸಂಬಂಧ ಒಂದೇ ಅಲ್ಲ.

ಬಾವಮೈದುನರ ಸಂಬಂಧ ಎಂಥದೆಂಬುದನ್ನು ಕನ್ನಡದ ಕುಟುಂಬಗಳಲ್ಲಿ ಬೆಳೆದವರಿಗೆ ಯಾರೂ ವಿವರಿಸಬೇಕಾಗಿಲ್ಲ. ತಂದೆಯ ಮುಂದೆ ತಗ್ಗುವ ದನಿ, ಅಣ್ಣನ ಮುಂದೆ ಅಳುಕುವ ಮಾತು, ಬಾವನ ಮುಂದೆ ಬಂದೊಡನೆ ಸಲಿಗೆಯಿಂದ ಏರುತ್ತದೆ; ಹಾಸ್ಯಕ್ಕೆ ಹಕ್ಕುಂಟು, ಅಣಕಕ್ಕೆ ಅವಕಾಶವುಂಟು, ಮುನಿಸಿಗೂ ಕಾರಣ ಹುಡುಕಬೇಕಾದುದಿಲ್ಲ. ಅದರ ಜೊತೆಜೊತೆಗೇ ಹೊಣೆಯೂ ಉಂಟು: ಕೊಟ್ಟ ಹೆಣ್ಣಿನ ತವರಿಗೆ ಕಷ್ಟ ಬಂದಾಗ ಬಾವನಾದವನು ನಿಲ್ಲಬೇಕು. ಸೋಲಿಗರಲ್ಲಿ ಒಲಿದ ಹೆಣ್ಣುಗಂಡುಗಳು ಮನೆಯವರಿಗೆ ತಿಳಿಸದೆ ಕಾಡಿಗೆ ಹೋಗಿ, ಕೆಲವು ದಿನ ಇದ್ದು ಹಿಂದಿರುಗಿ, ಕುಲದ ಹಿರಿಯರ ಮುಂದೆ ಅಲ್ಪವಾದ ತಪ್ಪುದಂಡವನ್ನು ತೆತ್ತು, ಊಟ ಹಾಕಿಸಿ, ಗಂಡಹೆಂಡಿರೆನಿಸಿಕೊಳ್ಳುವ ಪದ್ಧತಿ ಹಿಂದಿನಿಂದ ನಡೆದುಬಂದುದು. ಹಾಗಾದರೆ ರಂಗಪ್ಪನು ಮಾಡಿದ್ದು ಕುಲಾಚಾರಕ್ಕೆ ವಿರುದ್ಧವಾದುದೇನೂ ಅಲ್ಲ; ಶಾಸ್ತ್ರೋಕ್ತವಾದ ಕಲ್ಯಾಣೋತ್ಸವವನ್ನು ಕೆಳಗಿನವರು ಮಾಡಿಸುವರಾದರೆ, ಅದಕ್ಕೂ ಮೊದಲೇ ಆತನು ಸೋಲಿಗರ ಕಟ್ಟಳೆಗೆ ಒಳಪಟ್ಟು ಸಂಸಾರಿಯಾಗಿದ್ದಾನೆ. ತಪ್ಪುದಂಡವನ್ನು ತೆತ್ತನೋ ಇಲ್ಲವೋ ಎಂಬುದೊಂದೇ ನನಗೆ ಉಳಿದಿರುವ ಸಂಶಯ.

ಇಂಥ ಕಥೆಗಳು ಬಿಳಿಗಿರಿಗೆ ಮಾತ್ರ ವಿಶಿಷ್ಟವೆಂದು ಹೇಳುವಂತಿಲ್ಲ. ಆಂಧ್ರದ ಅಹೋಬಲದಲ್ಲಿ ನರಸಿಂಹನು ಚೆಂಚು ಕುಲದ ಲಕ್ಷ್ಮಿಯನ್ನು ವರಿಸಿದನು. ತಮಿಳುನಾಡಿನ ಮುರುಗನು ಬೇಡರ ವಳ್ಳಿಗೆ ಮುದುಕನ ವೇಷದಲ್ಲಿಯೇ ಬಲೆ ಬೀಸಿದನು. ನಮ್ಮ ಮೇಲುಕೋಟೆಯಲ್ಲಿ ಚೆಲುವನಾರಾಯಣನ ಪಾದದ ಬಳಿ ಬೀಬಿ ನಾಚ್ಚಿಯಾರಿಗೆ ಸ್ಥಾನವಿದೆ. ಸಮಾಜಶಾಸ್ತ್ರಜ್ಞರು ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಬಯಲಿನ ವೈದಿಕಸಂಸ್ಕೃತಿಯು ಕಾಡಿನ ದೈವಗಳನ್ನೂ ಕಾಡಿನ ಜನರನ್ನೂ ತನ್ನೊಳಗೆ ಜೀರ್ಣಿಸಿಕೊಂಡ ಬಗೆಯಿದು ಎನ್ನುತ್ತಾರೆ. ನಿಂತ ಮೂರ್ತಿ, ಶಾಸನದಲ್ಲಿ ಕಾಣುವ ತಿರುವೆಂಗಳನಾಥನೆಂಬ ಹೆಸರು, ಈಗಿನ ರಂಗನಾಥನೆಂಬ ಹೆಸರು, ಇವನ್ನು ಮುಂದಿಟ್ಟುಕೊಂಡು ಯಾರು ಯಾರ ದೇವರನ್ನು ಯಾವಾಗ ಸ್ವಂತ ಮಾಡಿಕೊಂಡರೆಂದು ಚರ್ಚಿಸುವುದಕ್ಕೆ ಬೇಕಾದಷ್ಟು ಎಡೆಯುಂಟು. ಆ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಅಳಿಯನಾಗಿ ಬಂದವನು ಮನೆಯೊಡೆಯನಾಗಿ ಕುಳಿತುಬಿಡುವ ದೃಷ್ಟಾಂತಗಳು ಲೋಕದಲ್ಲಿ ವಿರಳವೇನೂ ಅಲ್ಲ. ಆದರೆ ಆ ವಾದವು ಕಥೆಯನ್ನು ಗೆದ್ದವರ ಕಡೆಯಿಂದ ಮಾತ್ರ ಓದುತ್ತದೆ. ಸೋತವರೆನ್ನಲಾಗುವ ಸೋಲಿಗರು ಆ ಕಥೆಯನ್ನು ಏಕೆ ಇಷ್ಟು ಶತಮಾನ ಬಿಡದೆ ಹಾಡಿದರು? ಜಡೆಸ್ವಾಮಿ, ಕಾರಯ್ಯ, ಮಾದೇಶ್ವರ ಮೊದಲಾಗಿ ತಮ್ಮವೇ ಆದ ದೈವಗಳು ಬೇಕಾದಷ್ಟಿದ್ದೂ, ಬೆಂಕಿಯ ಸುತ್ತ ಹೆಣ್ಣುಗಂಡುಗಳು ಕೂಡಿ ಗೊರುಕನ ಹಾಡಿ ಕುಣಿಯುವಾಗ ರಂಗಪ್ಪನನ್ನೂ ಏಕೆ ಕರೆದುಕೊಂಡರು? ಕಥೆಯಲ್ಲಿ ಅವರಿಗೆ ಒಂದು ಹಕ್ಕುಪತ್ರ ಅಡಗಿದೆ ಎಂಬುದೇ ನನಗೆ ತೋರುವ ಸಮಾಧಾನ. ಬೆಟ್ಟ ಬಾವನದಾದರೆ ಅದರಲ್ಲಿ ತವರಿನವರ ಪಾಲು ತಪ್ಪದು. ಬರಹವಿಲ್ಲದ ಜನ ತಮ್ಮ ಸ್ವತ್ತಿನ ದಾಖಲೆಯನ್ನು ಇಡುವುದು ಹಾಡಿನಲ್ಲಿಯೇ ಅಲ್ಲವೇ?

ಇನ್ನು ಬೂದಿತಿಟ್ಟಿನವರ ಮಾತು. ಇದು ಸೋಲಿಗರ ಕಥೆಯಷ್ಟು ಮಧುರವಾದುದಲ್ಲ. ದೇವರ ಪಾದಕ್ಕೆ ರಕ್ಷೆಯನ್ನು ಹೊಲಿಯುವ ಭಾಗ್ಯ ಯಾರ ಪಾಲಿಗೆ ಬಂದಿತೋ ಅವರನ್ನೇ ಸಮಾಜವು ಊರಿನಿಂದ ಹೊರಗೆ ಇರಿಸಿತ್ತೆಂಬುದು, ನಾಡಿನ ದೇವಾಲಯಗಳ ಬಾಗಿಲು ಅವರ ಜನಕ್ಕೆ ಬಹುಕಾಲ ಮುಚ್ಚಿತ್ತೆಂಬುದು ಎಲ್ಲರೂ ಬಲ್ಲ ಸಂಗತಿ. ಚರ್ಮ ಹದಮಾಡಿದ ಕೈ ಅಶುಚಿ. ಆ ಕೈ ಮಾಡಿದ ಕೆರ ಪವಿತ್ರ. ಅದನ್ನು ತಲೆಗೆ ತಟ್ಟಿಸಿಕೊಂಡವನು ಧನ್ಯ. ತಟ್ಟಿಸಿಕೊಂಡು ಬೆಟ್ಟ ಇಳಿದ ಮೇಲೆ ಅದನ್ನು ಮಾಡಿದವನ ನೆರಳೂ ಬೇಡ. ಈ ತರ್ಕವನ್ನು ನಮ್ಮ ಪೂರ್ವಿಕರು ಯಾವ ಕಸಿವಿಸಿಯೂ ಇಲ್ಲದೆ ಬಾಳಿದರೆಂಬುದನ್ನು ಒಪ್ಪಿಕೊಳ್ಳದೆ ಸಂಪ್ರದಾಯದ ಸೊಬಗನ್ನು ಮಾತ್ರ ವರ್ಣಿಸುವುದು ಅಪ್ರಾಮಾಣಿಕತೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದ ಹಿಂದೂಗಳಿಗೂ ತೆರೆದಿಡುವ ಶಾಸನಗಳಿಗೆ ದಾರಿ ಮಾಡಿತು. ಬಾಗಿಲು ತೆರೆಯುವುದು ಬೇರೆ, ಪೀಠ ಕೊಡುವುದು ಬೇರೆ. ಪಾದರಕ್ಷೆಯ ಸೇವೆಯು ಆ ಕುಟುಂಬಗಳಿಗೆ ಹೆಮ್ಮೆಯ ವಿಷಯವೆಂಬುದು ನಿಜವಾಗಿದ್ದರೂ, ಆ ಹೆಮ್ಮೆಯನ್ನು ಕ್ಷೇತ್ರದ ಆಡಳಿತವು ಒಂದು ದಿನದ ಮರ್ಯಾದೆಗೆ ಮಿತಿಗೊಳಿಸಿದರೆ, ಅವರಿಂದ ಕೆಲಸ ಮಾಡಿಸಿಕೊಂಡಂತಾಯಿತೇ ಹೊರತು ಅವರನ್ನು ಸೇರಿಸಿಕೊಂಡಂತಾಗಲಿಲ್ಲ.

ಜಾತ್ರೆಯ ದಿನ ಬೆಟ್ಟದ ಮೇಲೆ ಕಾಣುವ ಜನಸಮೂಹವನ್ನು ಲಕ್ಷ್ಯವಿಟ್ಟು ನೋಡಿದರೆ ಈ ದೇವರ ಪರಿವಾರ ಎಷ್ಟು ವಿಸ್ತಾರವಾದುದೆಂಬುದು ವೇದ್ಯವಾಗುತ್ತದೆ. ಶಂಖ ಜಾಗಟೆಗಳನ್ನು ಹಿಡಿದ ದಾಸಯ್ಯಗಳು ಬಯಲಿನ ಹಳ್ಳಿಹಳ್ಳಿಗಳಿಂದ ಬಂದು ಅಪರಾಕು ಕೂಗುತ್ತಾರೆ. ಒಕ್ಕಲುಮಕ್ಕಳು ಹರಕೆ ತೀರಿಸುತ್ತಾರೆ. ವೈಷ್ಣವರು ಶಠಾರಿಗೆ ಶಿರಬಾಗುತ್ತಾರೆ. ಆಗಮದ ವಿಧಿಯೂ ಗೊರುಕನದ ಕುಣಿತವೂ ಕೆರದ ಏಟೂ ಒಂದೇ ಪ್ರಾಕಾರದ ಸುತ್ತಮುತ್ತ ನಡೆಯುವ ಇಂಥ ಕ್ಷೇತ್ರಗಳು ನಮ್ಮಲ್ಲಿ ದಿನೇ ದಿನೇ ಕಡಿಮೆಯಾಗುತ್ತಿವೆ. ಏಕೆಂದರೆ ದೇವಸ್ಥಾನಗಳನ್ನು ಅಭಿವೃದ್ಧಿಪಡಿಸುವ ನಮ್ಮ ಉತ್ಸಾಹಕ್ಕೆ ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಎರಕಹೊಯ್ಯುವ ಚಪಲವಿದೆ.

ಈಗ ಕಾಡಿನ ಮಾತಿಗೆ ಬರೋಣ. ನಿಜವಾದ ತೊಡಕು ಇರುವುದು ಇಲ್ಲಿಯೇ.

ಸೋಲಿಗನ ಲೆಕ್ಕದಲ್ಲಿ ಬೆಟ್ಟವೆಂಬುದು ಒಂದು ಗುಡಿಯೂ ಅದರ ಸುತ್ತಣ ಕಾಡೂ ಅಲ್ಲ. ಕಾಡೆಲ್ಲವೂ ಎಲ್ಲೆಗಳಾಗಿ ಹಂಚಿಹೋಗಿದ್ದು, ಒಂದೊಂದು ಎಲ್ಲೆಗೂ ಅದರದೇ ದೇವರು, ಅದರದೇ ಮಾರಮ್ಮ, ಅದರದೇ ವೀರು, ಅದರದೇ ಕಲ್ಲುಗುಡಿ, ಅದರದೇ ಅಬ್ಬಿ ಇರುತ್ತವೆ. ಒಂದೊಂದನ್ನೂ ನೋಡಿಕೊಳ್ಳುವ ಹೊಣೆ ಒಂದೊಂದು ಕುಲದ್ದು. ಸೋಲಿಗರ ಹಿರಿಯರೊಡನೆ ಸಂಶೋಧಕರು ಕಾಡು ಸುತ್ತಿ ನಕ್ಷೆಯ ಮೇಲೆ ಗುರುತಿಸಿದ ಇಂಥ ಪವಿತ್ರಸ್ಥಳಗಳು ನಾಲ್ಕುನೂರಕ್ಕೂ ಮಿಕ್ಕಿವೆ. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆ ಇವುಗಳಲ್ಲಿ ಹೆಸರಾದುದು. ಗುಡಿಯಿಲ್ಲ, ಗೋಪುರವಿಲ್ಲ, ಬೃಹದಾಕಾರದ ಸಂಪಿಗೆಯ ಮರವೇ ದೇವರು, ಅದರ ಬುಡದಲ್ಲಿ ನೆಟ್ಟ ಕಲ್ಲುಗಳೇ ಪರಿವಾರ. ಬೆಟ್ಟದ ತುದಿಯ ರಂಗನಾಥನು ಇಂಥ ನೂರಾರು ನೆಲೆಗಳ ನಡುವಣ ಒಂದು ನೆಲೆ, ಹಿರಿದಾದ ನೆಲೆ. ಬಯಲಿನಿಂದ ಬಂದ ನಮಗೆ ಕಾಣುವುದು ಅದೊಂದೇ ಆದುದರಿಂದ ಉಳಿದುದನ್ನೆಲ್ಲ ನಾವು ಬರಿಯ ಕಾಡೆಂದು ಕರೆದುಬಿಟ್ಟೆವು.

1974ರಲ್ಲಿ ಸರ್ಕಾರವು ಈ ಅರಣ್ಯವನ್ನು ವನ್ಯಜೀವಿಧಾಮವೆಂದು ಘೋಷಿಸಿ, ಅದಕ್ಕೆ ಬಿಳಿಗಿರಿ ರಂಗಸ್ವಾಮಿ ದೇವಾಲಯದ ಹೆಸರನ್ನೇ ಇರಿಸಿತು. ಹೆಸರು ಬಾವನದು, ಎಬ್ಬಿಸಿದ್ದು ಬಾವಮೈದುನರನ್ನು. ಕಾಡಿನ ಒಳಗೆ ಚದರಿದ್ದ ಸೋಲಿಗರ ಕುಟುಂಬಗಳನ್ನು ರಸ್ತೆಯ ಅಂಚಿನ ಪೋಡುಗಳೆಂಬ ವಸತಿಗಳಿಗೆ ತಂದು ಕೂಡಿಸಲಾಯಿತು. ಇದ್ದೆಡೆಯನ್ನು ಬದಲಿಸುತ್ತ ರಾಗಿ ಬೆಳೆಯುವ ಅವರ ಬೇಸಾಯ ನಿಂತಿತು. ಬೇಟೆ ಅಪರಾಧವಾಯಿತು, ಅದು ಆಗಬೇಕಾದದ್ದೇ. ಬೇಸಗೆ ಬಲಿಯುವ ಮೊದಲು ಒಣಗಿದ ಹುಲ್ಲು ತರಗೆಲೆಗಳಿಗೆ ಅವರು ಹಾಕುತ್ತಿದ್ದ ತೆಳುವಾದ ತರಗು ಬೆಂಕಿಯೂ ಅಪರಾಧವಾಯಿತು. ಇತ್ತ, ಬ್ರಿಟಿಷರ ಕಾಲದಲ್ಲಿ ಇದೇ ಬೆಟ್ಟಗಳಲ್ಲಿ ಬಂದು ನೆಲೆಯೂರಿದ ಮಾರಿಸ್ ಮನೆತನದ ಹೊನ್ನಮೇಟಿ ಮೊದಲಾದ ಕಾಫಿಯ ತೋಟಗಳು ಅರಣ್ಯದ ನಡುವೆ ಇದ್ದಲ್ಲಿಯೇ ಉಳಿದವು. ತೋಟಗಳ ಮೇಲೆ ನನಗೆ ದ್ವೇಷವಿಲ್ಲ; ಸೋಲಿಗರಲ್ಲಿ ಅನೇಕರಿಗೆ ಅವು ಕೂಲಿ ಕೊಟ್ಟಿವೆ. ಆದರೆ ಪತ್ರವಿದ್ದವನ ಹಕ್ಕು ಉಳಿದು ಹಾಡಿದ್ದವನ ಹಕ್ಕು ಅಳಿದುದನ್ನು ನ್ಯಾಯವೆನ್ನುವುದು ಕಷ್ಟ.

ಅರಣ್ಯ ಇಲಾಖೆಯ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳಿವೆ. ಕರಿಕಲ್ಲಿಗೆ ಹೆಸರಾದ ಜಿಲ್ಲೆಯಿದು. ಸುತ್ತಣ ಗುಡ್ಡಗಳಲ್ಲಿ ಕ್ವಾರಿಗಳು ಏನು ಮಾಡಿವೆಯೆಂಬುದನ್ನು ಕಂಡವರು, ಕಾನೂನಿನ ಕಾವಲಿಲ್ಲದಿದ್ದರೆ ಬಿಳಿಗಿರಿಯ ಗತಿ ಏನಾಗುತ್ತಿತ್ತೆಂದು ಊಹಿಸಬಲ್ಲರು. ಗಂಧದ ಕಳ್ಳರು, ದಂತದ ಕಳ್ಳರು ಇಲ್ಲಿ ಕಲ್ಪಿತರಲ್ಲ. ಆನೆ ಹುಲಿ ಕಾಟಿಗಳು ಇಂದಿಗೂ ಈ ಕಾಡಿನಲ್ಲಿ ನಿರ್ಭಯವಾಗಿ ತಿರುಗುತ್ತಿರುವುದಕ್ಕೆ ಹಗಲಿರುಳು ಗಸ್ತು ತಿರುಗುವ ಅರಣ್ಯ ರಕ್ಷಕರ ದುಡಿಮೆಯೂ ಕಾರಣ. ಆ ಕಾವಲುಗಾರರಲ್ಲಿ, ದಾರಿ ತೋರುವವರಲ್ಲಿ ಸೋಲಿಗರೂ ಇದ್ದಾರೆಂಬುದನ್ನು ಮರೆಯಲಾಗದು. ತಪ್ಪಾದುದು ಕಾವಲಿನಲ್ಲಲ್ಲ. ಜನವಿಲ್ಲದಿದ್ದರೆ ಕಾಡು ತಾನಾಗಿ ಹಿಂದಿನ ಕಾಡಾಗುತ್ತದೆ ಎಂಬ ಎಣಿಕೆಯಲ್ಲಿ ತಪ್ಪಾಯಿತು. ತರಗು ಬೆಂಕಿ ನಿಂತ ಮೇಲೆ ಲಂಟಾನ ಪೊದೆಗಳು ಕಾಡಿನ ನೆಲವನ್ನೆಲ್ಲ ಮುಚ್ಚಿ, ಹುಲ್ಲು ಮೇಯುವ ಪ್ರಾಣಿಗಳ ಮೇವನ್ನು ಕಸಿದವೆಂದೂ, ನೆಲ್ಲಿಯ ಮರಗಳಿಗೆ ಉಪ್ಪಿಲು ಎಂಬ ಬಂದಳಿಕೆ ಹತ್ತಿ ಅವು ಬತ್ತತೊಡಗಿದವೆಂದೂ, ಮೊದಲು ಹಗುರವಾಗಿ ಹರಿದುಹೋಗುತ್ತಿದ್ದ ಬೆಂಕಿ ಈಗ ಒಣಗಿದ ಲಂಟಾನವನ್ನು ಹಿಡಿದು ಮರದ ತಲೆಗೇರುತ್ತದೆಂದೂ ಸೋಲಿಗರ ಹಿರಿಯರು ಬಹುಕಾಲದಿಂದ ಹೇಳುತ್ತ ಬಂದರು. ಅವರ ಮಾತನ್ನು ಮೊದಮೊದಲು ಕೇಳಿದವರಿಲ್ಲ. ತರುವಾಯ ಈ ಕಾಡಿನಲ್ಲಿಯೇ ವರ್ಷಗಟ್ಟಲೆ ಅಧ್ಯಯನ ಮಾಡಿದ ಪರಿಸರವಿಜ್ಞಾನಿಗಳಲ್ಲಿ ಕೆಲವರು ಅದರಲ್ಲಿ ತಥ್ಯವಿದೆಯೆಂದು ಬರೆದರು.

ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ಬೆನ್ನಲ್ಲೇ, ಜೇನು, ನೆಲ್ಲಿ, ಸೀಗೆ, ಪಾಸೆಗಳನ್ನು ಕಾಡಿನಿಂದ ತಂದು ಸಹಕಾರ ಸಂಘಕ್ಕೆ ಮಾರುವುದಕ್ಕೂ ಕೆಲವೇ ವರ್ಷಗಳಲ್ಲಿ ತಡೆ ಬಿದ್ದಿತು. 2011ರ ಆರಂಭದಲ್ಲಿ ಅಭಯಾರಣ್ಯವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು, 2006ರ ಅರಣ್ಯ ಹಕ್ಕು ಕಾಯಿದೆಯ ಅನ್ವಯ, ಇಪ್ಪತ್ತೈದು ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಗಳನ್ನು ನೀಡಲಾಯಿತು. ಹುಲಿಗಳಿಗಾಗಿ ಮೀಸಲಾದ ಕಾಡಿನಲ್ಲಿ ಮೂಲನಿವಾಸಿಗಳ ಇಂಥ ಹಕ್ಕನ್ನು ಮಾನ್ಯ ಮಾಡಿದ್ದು ಭಾರತದಲ್ಲಿ ಅದೇ ಮೊದಲು. ಹಿಂದೆ 1981ರಿಂದ ಈ ಬೆಟ್ಟದಲ್ಲಿ ವೈದ್ಯರಾದ ಎಚ್. ಸುದರ್ಶನ್ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಮೂಲಕ ನಡೆಸಿದ ಶಾಲೆ, ಆಸ್ಪತ್ರೆಗಳ ಕೆಲಸವೂ, ಸೋಲಿಗರು ತಾವೇ ಕಟ್ಟಿಕೊಂಡ ಸಂಘಗಳೂ ಇದಕ್ಕೆ ಭೂಮಿಕೆ ಸಿದ್ಧಮಾಡಿದ್ದವು. ಹಾಡಿನಲ್ಲಿದ್ದ ದಾಖಲೆ ಕೊನೆಗೂ ಮುದ್ರೆಯೊತ್ತಿದ ಕಾಗದಕ್ಕೆ ಬಂದಿತು. ಕಾಗದಕ್ಕೆ ಬಂದುದೆಲ್ಲ ನೆಲಕ್ಕೆ ಬರುವುದೆಂಬ ಭರವಸೆ ಮಾತ್ರ ನಮ್ಮ ದೇಶದಲ್ಲಿ ಯಾರಿಗೂ ಇಲ್ಲ; ಕಾಡಿನ ಪದಾರ್ಥವನ್ನು ತರುವ ಹಕ್ಕು ಒಂದಿಷ್ಟು ದೊರೆತರೂ, ಕಾಡನ್ನು ಹೇಗೆ ನೋಡಿಕೊಳ್ಳಬೇಕೆಂಬ ಆಲೋಚನೆಯಲ್ಲಿ ಗ್ರಾಮಸಭೆಗೆ ಸಮಾನವಾದ ಪೀಠ ಇಂದಿಗೂ ಸಂದಿಲ್ಲ.

ಅರಣ್ಯದ ಹಕ್ಕಿಗೂ ದೇವಸ್ಥಾನದ ಸಂಪ್ರದಾಯಕ್ಕೂ ಏನು ಸಂಬಂಧವೆಂದು ಕೇಳುವವರಿರಬಹುದು. ಇದು ಮುಜರಾಯಿ ಇಲಾಖೆಯ ಕಡತ, ಅದು ಅರಣ್ಯ ಇಲಾಖೆಯ ಕಡತ ಎಂದು ಬೇರೆ ಬೇರೆಯಾಗಿ ಕಟ್ಟಿಡುವ ಅಭ್ಯಾಸ ನಮ್ಮ ಆಡಳಿತಕ್ಕೆ ಇದೆಯೇ ಹೊರತು ಬೆಟ್ಟಕ್ಕಿಲ್ಲ. ಕಾಡಿನೊಳಗಣ ಎಲ್ಲೆಗಳಿಗೆ ಹೋಗಿ ಪೂಜೆ ಮಾಡುವ ದಾರಿ ಕಟ್ಟಿಹೋದರೆ, ಹಬ್ಬಕ್ಕೆ ಬೇಕಾದ ರಾಗಿ ಬೆಳೆಯುವ ನೆಲವಿಲ್ಲದೆ ಸೋಲಿಗರ ರೊಟ್ಟಿಹಬ್ಬ ತನ್ನ ಅರ್ಥವನ್ನು ಕಳೆದುಕೊಂಡರೆ, ಯುವಕರೆಲ್ಲ ಕೂಲಿಯನ್ನರಸಿ ಕೊಡಗಿಗೋ ಕೇರಳಕ್ಕೋ ಹೊರಟುಹೋದರೆ, ಕುಸುಮಾಲೆಯ ಕಥೆಯನ್ನು ಹಾಡುವವರು ಯಾರು? ಹಾಡುವವರಿಲ್ಲದ ದಿನ ಬಿಳಿಗಿರಿರಂಗನು ನಾಡಿನ ಸಾವಿರ ರಂಗನಾಥರಲ್ಲಿ ಒಬ್ಬನಾಗಿ ಉಳಿಯುತ್ತಾನೆ. ಆಗ ಪೂಜೆಗೆ ಲೋಪವೇನೂ ಬಾರದು. ಸಾಲು ಇನ್ನೂ ಉದ್ದವಾಗಿಯೇ ಇದ್ದೀತು.

ಜೀರ್ಣೋದ್ಧಾರ ಮುಗಿದು 2021ರಲ್ಲಿ ದೇವಾಲಯವು ಮತ್ತೆ ತೆರೆದ ಮೇಲೆ ಬೆಟ್ಟಕ್ಕೆ ಬರುವವರ ಸಂಖ್ಯೆ ಬೆಳೆಯುತ್ತಲೇ ಇದೆ. ಗೋಡೆ ಭದ್ರವಾದದ್ದು ಸಂತೋಷವೇ. ಆದರೆ ರಜೆಯ ದಿನಗಳಲ್ಲಿ ಘಾಟಿಯ ತಿರುವುಗಳಲ್ಲಿ ಒಂದರ ಹಿಂದೊಂದು ನಿಂತ ಕಾರುಗಳನ್ನೂ, ಆನೆ ದಾಟುವ ಹಾದಿಯಲ್ಲಿ ಇಳಿದು ಭಾವಚಿತ್ರಕ್ಕೆ ಮೈಯೊಡ್ಡುವವರನ್ನೂ, ಪ್ರಸಾದದ ದೊನ್ನೆಯ ಜೊತೆ ಪ್ಲಾಸ್ಟಿಕ್ಕನ್ನೂ ಬಂಡೆಯ ಅಂಚಿನಿಂದ ಕೆಳಕ್ಕೆ ಎಸೆಯುವವರನ್ನೂ ನೋಡಿದಾಗ, ಕಾಡಿಗೆ ಅಪಾಯ ಯಾರಿಂದ ಎಂಬ ಪ್ರಶ್ನೆಗೆ ಕಾನೂನಿನ ಉತ್ತರವೊಂದು, ಕಣ್ಣಿನ ಉತ್ತರ ಮತ್ತೊಂದು ಎಂದು ಅನ್ನಿಸದಿರದು. ಜೇನಿನ ಹುಟ್ಟಿಯಲ್ಲಿ ಒಂದು ಪಾಲನ್ನು ಬಿಟ್ಟು ಬರುವವನಿಗೆ ನಾಕಾಬಂದಿ. ಬುಟ್ಟಿ ತುಂಬ ಕಸ ತರುವವನಿಗೆ ಸ್ವಾಗತದ ಕಮಾನು. ಬೆಟ್ಟದ ಬುಡದಿಂದ ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸುಗಳನ್ನೇ ಹೆಚ್ಚಾಗಿ ಓಡಿಸಿ, ಖಾಸಗಿ ವಾಹನಗಳನ್ನು ಕೆಳಗೇ ನಿಲ್ಲಿಸುವುದು ಹೊಸ ಉಪಾಯವೇನೂ ಅಲ್ಲ; ಪಕ್ಕದ ಗೋಪಾಲಸ್ವಾಮಿ ಬೆಟ್ಟದಲ್ಲಿ ಅದು ನಡೆಯುತ್ತಿದೆ, ಭಕ್ತಿಗೆ ಅದರಿಂದ ಊನವಾದಂತೆ ಕಾಣುವುದಿಲ್ಲ. ವಾಹನ ನಿಲ್ಲಿಸುವ ಸ್ಥಳದ ಆದಾಯದಲ್ಲಿ ಒಂದು ಪಾಲು ಪೋಡುಗಳ ಗ್ರಾಮಸಭೆಗಳಿಗೆ ಸಲ್ಲುವಂತೆ ಮಾಡಿದರೆ, ಲಂಟಾನ ಕಿತ್ತು ಹುಲ್ಲು ಬೆಳೆಸುವ ಕೆಲಸ ಇಲ್ಲಿಯೇ ದೊರೆತು, ಯುವಕರು ಕೂಲಿಗಾಗಿ ಕೊಡಗಿನವರೆಗೆ ಹೋಗಬೇಕಾದುದಿಲ್ಲ. ತರಗು ಬೆಂಕಿಯನ್ನು ಕಾಡಿನ ಒಂದು ಪುಟ್ಟ ಭಾಗದಲ್ಲಿ, ಸೋಲಿಗ ಹಿರಿಯರ ಮಾತಿನಂತೆ, ಇಲಾಖೆಯವರ ಕಣ್ಣೆದುರಿನಲ್ಲಿಯೇ ಹಾಕಿಸಿ, ಐದಾರು ವರ್ಷ ಫಲಾಫಲಗಳನ್ನು ನೋಡುವುದರಿಂದ ಯಾರ ಪ್ರತಿಷ್ಠೆಗೂ ಕುಂದಿಲ್ಲ.

ದೇವಸ್ಥಾನದ ಮಟ್ಟಿಗೆ ನನ್ನ ಬೇಡಿಕೆ ಇನ್ನೂ ಸಣ್ಣದು. ಕರ್ನಾಟಕದ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯಿದೆಯ ಪ್ರಕಾರ ರಚಿಸುವ ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿಯಲ್ಲಿ ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡಕ್ಕೆ ಸೇರಿದ ಒಬ್ಬರಾದರೂ ಇರತಕ್ಕದ್ದು. ಬೇರೆ ದೇವಸ್ಥಾನಗಳಿಗೆ ಅಷ್ಟು ಸಾಕಾಗಬಹುದು, ಬಿಳಿಗಿರಿಯಲ್ಲಿ ಸಾಲದು. ಇಲ್ಲಿ ದೇವರ ಹೆಂಡತಿಯ ತವರಿನವರದು ಒಂದು ಪ್ರತ್ಯೇಕ ಬಾಧ್ಯತೆ, ದೇವರ ಪಾದರಕ್ಷೆಯನ್ನು ಹೊಲಿಯುವವರದು ಮತ್ತೊಂದು. ಒಂದೇ ಪೀಠಕ್ಕೆ ಇಬ್ಬರನ್ನೂ ಪೈಪೋಟಿಗೆ ಬಿಡುವುದು ಕ್ಷೇತ್ರದ ಸಂಪ್ರದಾಯವನ್ನು ಅರಿಯದವರು ಮಾಡುವ ಕೆಲಸ. ಪೋಡುಗಳ ಸೋಲಿಗರಿಂದ ಒಬ್ಬರು, ಸಾಧ್ಯವಾದರೆ ಹೆಣ್ಣುಮಗಳು, ಬೂದಿತಿಟ್ಟಿನ ಮನೆತನಗಳಿಂದ ಒಬ್ಬರು, ಹೀಗೆ ಇಬ್ಬರು ಸಮಿತಿಯಲ್ಲಿ ಕುಳಿತು, ಜಾತ್ರೆಯ ವ್ಯವಸ್ಥೆಯಿಂದ ಹುಂಡಿಯ ಲೆಕ್ಕದವರೆಗೆ ಎಲ್ಲದರಲ್ಲಿಯೂ ಅಭಿಪ್ರಾಯ ಹೇಳುವಂತಾಗಬೇಕು. ಒಬ್ಬರಿಗೇ ನಿಲ್ಲಿಸಬೇಕೆಂದು ಕಾಯಿದೆ ಹೇಳುವುದಿಲ್ಲ. ಮುಂದಿನ ಸಮಿತಿಯನ್ನು ರಚಿಸುವ ಆಜ್ಞೆಗೆ ಸಹಿ ಹಾಕುವ ಅಧಿಕಾರಿಗಳು ಮನಸ್ಸು ಮಾಡಿದರೆ ಇದಕ್ಕೆ ಹೊಸ ಶಾಸನವೂ ಬೇಕಿಲ್ಲ, ಹೊಸ ಹಣವೂ ಬೇಕಿಲ್ಲ.